ಸೊರಗಿದ ಜುನಿಪರ್‌ಗೆ ಕತ್ತರಿ ಯಾವಾಗ?

ಬೋನ್ಸಾಯ್ ಜುನಿಪರ್ ಸೊರಗಿದರೆ ಕೂಡಲೇ ಕತ್ತರಿ ಹಿಡಿಯಬ್ಯಾಡ್ರಿ. ಬೇರು ಸತ್ತರೂ ಈ ಗಿಡ ವಾರಗಟ್ಟಲೆ ಹಸಿರಾಗೇ ಕಾಣ್ತದ. ತೊಗಟೆಯನ್ನು ಉಗುರಿನಿಂದ ಚೂರು ಕೆರೆದು ನೋಡ್ರಿ. ಒಳಗೆ ಹಸಿರಿದ್ದರೆ ಆಸೆ ಉಂಟು.

ಇದು ತಂಪು ನಾಡಿನ ಮರ. ಹಾರೂಗೇರಿಯ ಏಪ್ರಿಲ್ ಬಿಸಿಲು ತಡೆಯೋದು ಕಷ್ಟ. ಹಾಗಂತ ಟಿವಿ ಪಕ್ಕ ಇಟ್ಟರೂ ಉಳಿಯೋದಿಲ್ಲ. ಹೊರಗೇ ಇಡ್ರಿ, ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು ಸಿಗಲಿ. ಕಬ್ಬು ಬೆಳೆಯುವ ನಮ್ಮ ಎರೆಮಣ್ಣು ಕುಂಡದಲ್ಲಿ ನೀರು ಹಿಡಿದಿಟ್ಟು ಬೇರು ಕೊಳೆಸುತ್ತದೆ. ಜರಡಿ ಹಿಡಿದ ಇಟ್ಟಂಗಿ ಚೂರು, ದಪ್ಪ ಮರಳು ಬೆರೆಸಿ ಹಾಕ್ರಿ.

ಮಣ್ಣು ಬದಲಿಸಿದ ವರ್ಷ ಆಕಾರ ತಿದ್ದಬಾರದು. ಚೆನ್ನಾಗಿ ಚಿಗುರಿದ ಮೇಲೆ ತಂತಿ ಸುತ್ತಬಹುದು. ಹಸಿರನ್ನೆಲ್ಲ ಕತ್ತರಿಸಿದ ರೆಂಬೆ ಸಾಮಾನ್ಯವಾಗಿ ಮತ್ತೆ ಚಿಗುರೋದಿಲ್ಲ, ನೆನಪಿರಲಿ. ಒಣಗಿದ ರೆಂಬೆಯನ್ನು ಎಸೆಯಬೇಕಿಲ್ಲ. ತೊಗಟೆ ಸುಲಿದು ಹಾಗೇ ಬಿಟ್ಟರೆ ಅದೇ ಜಪಾನೀಯರ ‘ಜಿನ್’. ಮುದಿ ಮರದ ಕಳೆ ಬರ್ತದ.