ಹಡಗಿನ ಜನಕ್ಕೆ ಸಿಗದ ಎರಡನೇ ಬೀದಿ

ನವೆಂಬರ್ ಬಂತೆಂದರೆ ನಮ್ಮ ಮಂಗಳೂರು ಕಡೆಯ ಪೇಪರುಗಳಲ್ಲಿ ಒಂದು ಫೋಟೋ ಬರ್ತದೆ. ಪಣಂಬೂರಿನ ನವಮಂಗಳೂರು ಬಂದರಿಗೆ ವಿದೇಶಿ ಪ್ರವಾಸಿ ಹಡಗು ಬಂತು, ಚೆಂಡೆ ಬಡಿದು ಸ್ವಾಗತ ಮಾಡಿದರು, ಯಕ್ಷಗಾನದ ವೇಷದ ಪಕ್ಕ ನಿಂತು ಪ್ರವಾಸಿಗರು ಸೆಲ್ಫಿ ತೆಗೆದುಕೊಂಡರು ಅಂತ. ಕೋವಿಡ್ ಕಳೆದ ಮೇಲೆ 2022ರ ನವೆಂಬರಿನಲ್ಲಿ 'ಯುರೋಪಾ 2' ಹಡಗು ಬಂದಾಗಲೂ ಇಂಥದೇ ಫೋಟೋ. ನಾವು ಲೈಕ್ ಒತ್ತಿ ಮುಂದೆ ಹೋಗ್ತೇವೆ. ಫೋಟೋ ತೆಗೆದಾದ ಮೇಲೆ ಆ ಜನ ಎಲ್ಲಿಗೆ ಹೋಗ್ತಾರೆ ಅಂತ ಯಾರೂ ಕೇಳುವುದಿಲ್ಲ.

ಅವರು ಬಸ್ ಹತ್ತುತ್ತಾರೆ. ಕೆಲವು ಬಸ್ ಮಂಗಳೂರು ಪೇಟೆಗೆ: ಸಂತ ಅಲೋಶಿಯಸ್ ಚಾಪೆಲ್, ಕದ್ರಿ ದೇವಸ್ಥಾನ, ಗೇರುಬೀಜದ ಫ್ಯಾಕ್ಟರಿ, ಮಾರ್ಕೆಟ್. ಕೆಲವು ಬಸ್ ಕಾರ್ಕಳದ ಗೊಮ್ಮಟನಿಗೆ ಮತ್ತು ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ.

ಸಾಫ್ಟ್‌ವೇರ್ ಕೆಲಸದಲ್ಲಿ ಯಾವುದಕ್ಕೂ ಮೊದಲು ಎಷ್ಟು ಗಂಟೆ ಹಿಡೀತದೆ ಅಂತ ಲೆಕ್ಕ ಹಾಕುವುದು ಅಭ್ಯಾಸ. ಹಡಗು ಬೆಳಿಗ್ಗೆ ಬಂದು ಸಂಜೆ ಹೊರಡ್ತದೆ. ಪಣಂಬೂರಿನಿಂದ ಮೂಡುಬಿದಿರೆಗೆ ಹೆಚ್ಚುಕಡಿಮೆ 35–40 ಕಿಲೋಮೀಟರ್. ಟ್ರಾಫಿಕ್ ಸೇರಿಸಿ ಒಂದು ಗಂಟೆಗೂ ಮೇಲೆ. ವಾಪಸು ಅಷ್ಟೇ. ನಡುವೆ ಕಾರ್ಕಳ ಸೇರಿದರೆ ಇನ್ನೊಂದಷ್ಟು. ಕೊನೆಗೆ ಬಸದಿಯ ಅಂಗಳದಲ್ಲಿ ಉಳಿಯುವುದು ಮುಕ್ಕಾಲು ಗಂಟೆ. ಬಸ್ಸಿನ ಬಾಗಿಲಿನಿಂದ ಬಸದಿಯ ಬಾಗಿಲಿಗೆ, ಬಸದಿಯ ಬಾಗಿಲಿನಿಂದ ಬಸ್ಸಿನ ಬಾಗಿಲಿಗೆ. ಸಮುದ್ರ ದಾಟಿ ಬಂದವರು ಊರಿನ ಬೀದಿಯಲ್ಲಿ ನೂರು ಹೆಜ್ಜೆ ಹಾಕುವುದಿಲ್ಲ.

ಈ ಲೆಕ್ಕವನ್ನು ನನ್ನ ತಲೆಗೆ ಹಾಕಿದವನು ಚಿಕ್ಕಮ್ಮನ ಮಗ. ಅವನು ಇದೇ ಆಟವನ್ನು ಹಡಗಿನ ಒಳಗಿನಿಂದ ನೋಡಿದವನು.

ಬ್ರಿಡ್ಜ್‌ಟೌನ್‌ನ ಹಿಂದಿನ ಬೀದಿ

ನಮ್ಮ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ 'ಹುಡುಗ ಶಿಪ್ಪಿನಲ್ಲಿ ಇದ್ದಾನೆ' ಅನ್ನುವುದು ಸಾಮಾನ್ಯ ಮಾತು. ಹೋಟೆಲ್ ಮ್ಯಾನೇಜ್‌ಮೆಂಟ್ ಕಲಿತು ಕ್ರೂಸ್ ಹಡಗು ಸೇರಿದವರು ಎಷ್ಟೋ ಊರಲ್ಲಿ ಸಿಗ್ತಾರೆ. ನಮ್ಮವನೂ ಹಾಗೆ. ಕೆರಿಬಿಯನ್ ಕಡೆಯ ಹಡಗೊಂದರಲ್ಲಿ ವೇಟರ್. ಏಳೆಂಟು ತಿಂಗಳ ಕಾಂಟ್ರಾಕ್ಟ್, ಆಮೇಲೆ ಎರಡು ತಿಂಗಳು ಮನೆ.

ಹಡಗು ಬಂದರಿನಲ್ಲಿ ನಿಂತಾಗ ಪ್ರವಾಸಿಗರಿಗೆ ಇಡೀ ದಿನ. ಕೆಲಸದವರಿಗೆ ಮಧ್ಯಾಹ್ನದ ಡ್ಯೂಟಿ ಮುಗಿದು ರಾತ್ರಿಯ ಡ್ಯೂಟಿ ಶುರುವಾಗುವುದರೊಳಗೆ ಮೂರು ಗಂಟೆ ಸಿಕ್ಕಿದರೆ ಪುಣ್ಯ. ಆ ಮೂರು ಗಂಟೆಯಲ್ಲಿ ಮನೆಗೆ ಫೋನ್ ಮಾಡಬೇಕು, ಸೋಪು-ಶಾಂಪೂ ತರಬೇಕು, ಕಾಲು ಚಾಚಬೇಕು. ಟ್ಯಾಕ್ಸಿಗೆ ಡಾಲರ್ ಸುರಿಯಲು ಯಾರಿಗೆ ಮನಸ್ಸು? ನಡೆಯುವುದೇ.

ಬಾರ್ಬಡೋಸ್ ದ್ವೀಪದ ಬ್ರಿಡ್ಜ್‌ಟೌನ್ ಬಗ್ಗೆ ಅವನು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಕ್ರಿಕೆಟ್ ನೋಡುವವರಿಗೆ ಈ ಊರು ಗೊತ್ತು. 2024ರ ಟಿ20 ವಿಶ್ವಕಪ್ ಫೈನಲ್‌ನಲ್ಲಿ ನಮ್ಮವರು ದಕ್ಷಿಣ ಆಫ್ರಿಕವನ್ನು ಸೋಲಿಸಿದ್ದು ಅಲ್ಲಿನ ಕೆನ್ಸಿಂಗ್ಟನ್ ಓವಲ್‌ನಲ್ಲಿ. ಹಳೆಯ ಊರು ಮತ್ತು ಅದರ ಸೈನ್ಯದ ನೆಲೆ ಸೇರಿ 2011ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ. ಹಡಗಿನ ಕಟ್ಟೆಯಿಂದ ನಡೆದೇ ಪೇಟೆ ಸೇರಬಹುದು.

"ಅಣ್ಣ, ಅಲ್ಲಿ ಬ್ರಾಡ್ ಸ್ಟ್ರೀಟ್ ಅಂತ ಒಂದು ಉಂಟು. ವಾಚು, ಚಿನ್ನ, ಸೆಂಟು, ತೆರಿಗೆ ಇಲ್ಲದ ಅಂಗಡಿಗಳು. ಹಡಗಿನ ಜನ ಎಲ್ಲ ಅಲ್ಲೇ. ಅದರ ಹಿಂದೆ ಸ್ವಾನ್ ಸ್ಟ್ರೀಟ್. ವಾಹನ ಇಲ್ಲ, ಬರೀ ಜನ. ಹಣ್ಣು ಮಾರುವ ಹೆಂಗಸರು, ಬಟ್ಟೆ, ಚಪ್ಪಲಿ. ಊರಿನವರು ಸಾಮಾನು ತರುವುದು ಅಲ್ಲಿ. ನಡುವೆ ಇರುವುದು ಒಂದೇ ಸಾಲು ಕಟ್ಟಡ. ಆದ್ರೂ ಇಲ್ಲಿಂದ ಅಲ್ಲಿಗೆ ಹೋಗುವವರು ಕಡಿಮೆ."

ಯಾವ ಬಂದರಿನಲ್ಲಿ ಇಳಿದರೂ ಅವನದ್ದು ಮೂರೇ ನಿಯಮ. ಗೇಟಿನ ಎದುರಿನ ಟ್ಯಾಕ್ಸಿಯವರನ್ನು ದಾಟಿ ನಡೆಯುವುದು. ಎರಡನೇ ಬೀದಿಗೆ ತಿರುಗುವುದು. ಅರ್ಧ ಸಮಯ ಮುಗಿದ ಕೂಡಲೇ, ಎಲ್ಲಿದ್ದರೂ, ವಾಪಸು ಹೊರಡುವುದು. ಗಡಿಯಾರ ಮಾತ್ರ ಹಡಗಿನ ಸಮಯದಲ್ಲಿ ಇರಬೇಕು, ಊರಿನ ಸಮಯದಲ್ಲಿ ಅಲ್ಲ. ತಡವಾದರೆ ಹಡಗು ಕಾಯುವುದಿಲ್ಲ.

ಬೆದ್ರದಲ್ಲಿ ಮೂರು ಗಂಟೆ

ಕಳೆದ ಡಿಸೆಂಬರಿನಲ್ಲಿ ಅವನು ರಜೆಯಲ್ಲಿದ್ದ. ನನಗೆ ಸಿದ್ದಕಟ್ಟೆಯ ಮನೆಯಿಂದಲೇ ಕೆಲಸ. ಒಂದು ಶನಿವಾರ, ನಮ್ಮ ಊರನ್ನೇ ಹಡಗಿನಿಂದ ಇಳಿದವರ ಹಾಗೆ ನೋಡುವ ಅಂತ ಬೈಕಿನಲ್ಲಿ ಬೆದ್ರಕ್ಕೆ ಹೋದೆವು. ತುಳುವಿನಲ್ಲಿ ಮೂಡುಬಿದಿರೆ ಅಂದರೆ ಬೆದ್ರ. ಮೂಡು ಅಂದರೆ ಪೂರ್ವ, ಬಿದಿರು ಗೊತ್ತೇ ಉಂಟು. ಪಶ್ಚಿಮದ ಬಿದಿರು ಕಡಲ ಬದಿಯ ಪಡುಬಿದ್ರಿ. ಬೈಕನ್ನು ಬಸ್‌ಸ್ಟ್ಯಾಂಡ್ ಹತ್ತಿರ ಇಟ್ಟೆವು. ಗಡಿಯಾರದಲ್ಲಿ ಮೂರು ಗಂಟೆ ಮಾತ್ರ.

ಮೊದಲು ಸಾವಿರ ಕಂಬದ ಬಸದಿ. 1430ರಲ್ಲಿ ಕಟ್ಟಿಸಿದ್ದು. ಕಾರ್ಕಳದ 42 ಅಡಿಯ ಗೊಮ್ಮಟ ಎದ್ದದ್ದು ಅದಾಗಿ ಎರಡೇ ವರ್ಷಕ್ಕೆ, 1432ರಲ್ಲಿ. ಮೇಲಿನ ಇಳಿಜಾರು ಮಾಡು ನೋಡಿ ಪ್ರವಾಸಿಗರು 'ನೇಪಾಳದ ಹಾಗೆ ಉಂಟು' ಅಂತಾರೆ. ನಮ್ಮ ಮಳೆಗೆ ಇಳಿಜಾರು ಮಾಡು ಇಲ್ಲದೆ ಯಾವ ಕಟ್ಟಡ ಉಳೀತದೆ? ಕಂಬಗಳಲ್ಲಿ ಒಂದರ ಹಾಗೆ ಇನ್ನೊಂದಿಲ್ಲ ಅನ್ನುವುದನ್ನು ಎಲ್ಲ ಗೈಡುಗಳೂ ಹೇಳ್ತಾರೆ. ನೀವು ಕಣ್ಣು ಕೆಳಗೆ ಹಾಕಿ. ಭೈರಾದೇವಿ ಮಂಟಪದ ಅಡಿಗಟ್ಟಿನ ಕಲ್ಲಿನಲ್ಲಿ ಒಂದು ಜಿರಾಫೆ ಉಂಟು, ಚೀನಾದ ಡ್ರ್ಯಾಗನ್ ಉಂಟು. ಎರಡೂ ನಮ್ಮ ಕಾಡಿನ ಪ್ರಾಣಿಗಳಲ್ಲ.

ಆ ಕಾಲವನ್ನು ನೆನಪು ಮಾಡಿಕೊಳ್ಳಿ. 1414ರಲ್ಲಿ ಬಂಗಾಳದ ಸುಲ್ತಾನ ಚೀನಾದ ಚಕ್ರವರ್ತಿಗೆ ಒಂದು ಜಿರಾಫೆಯನ್ನು ಕಾಣಿಕೆಯಾಗಿ ಕಳಿಸಿದ್ದ. ಅದು ಆಫ್ರಿಕದಿಂದ ಹಡಗಿನಲ್ಲಿ ಬಂದದ್ದು. ಚೀನಾದ ಝೆಂಗ್ ಹೆಯ ಹಡಗುಗಳು ಕೋಯಿಕ್ಕೋಡಿಗೆ ಬಂದು ಹೋಗುತ್ತಿದ್ದ ದಿನಗಳು ಅವು. ಕಡಲಿನಿಂದ ದೂರ ಇರುವ ಬೆದ್ರದ ಕಲ್ಲುಕುಟಿಗನಿಗೂ ಹಡಗಿನ ಸುದ್ದಿ ಮುಟ್ಟಿರಬೇಕು. ಹಡಗಿನ ಜನ ಇವತ್ತು ಬೆದ್ರಕ್ಕೆ ಬರುವುದು ಹೊಸ ವಿಷಯವೇನಲ್ಲ ಅಂತ ನನಗೆ ಅನಿಸಿದ್ದು ಈ ಕಲ್ಲಿನ ಎದುರು.

ಬಸದಿಯಿಂದ ಹೊರಬಂದರೆ ಜೈನಪೇಟೆಯ ಬೀದಿ. ಬಸ್ಸಿನವರಿಗೆ ಒಂದೇ ಬಸದಿ, ನಡೆಯುವವರಿಗೆ ಹದಿನೆಂಟು. ಹೆಸರು ಓದುತ್ತಾ ಹೋಗಿ: ವಿಕ್ರಮ ಶೆಟ್ಟಿ ಬಸದಿ, ದೇರಮ್ಮ ಶೆಟ್ಟಿ ಬಸದಿ, ಚೋಳ ಶೆಟ್ಟಿ ಬಸದಿ, ಮಹಾದೇವ ಶೆಟ್ಟಿ ಬಸದಿ. ರಾಜರ ಹೆಸರಿಗಿಂತ ಶೆಟ್ಟರ ಹೆಸರೇ ಜಾಸ್ತಿ. ಇದು ವ್ಯಾಪಾರದ ದುಡ್ಡಿನಿಂದ ಎದ್ದ ಊರು ಅಂತ ಬೋರ್ಡುಗಳೇ ಹೇಳ್ತವೆ. ಗುರು ಬಸದಿ ಎಲ್ಲಕ್ಕಿಂತ ಹಳೆಯದು. 'ಧವಲ' ಗ್ರಂಥಗಳ ತಾಳೆಗರಿ ಪ್ರತಿಗಳನ್ನು ಶತಮಾನಗಳ ಕಾಲ ಕಾಪಾಡಿದ್ದು ಇಲ್ಲಿ. ಬೇರೆ ಕಡೆ ಪ್ರತಿ ಇಲ್ಲದ ಪುಸ್ತಕ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಬ್ಯಾಕಪ್ ಇಲ್ಲದ ಸರ್ವರ್, ಆದರೂ ಡೇಟಾ ಹೋಗಲಿಲ್ಲ.

ಆಮೇಲೆ ಚೌಟರ ಅರಮನೆ. ದೊಡ್ಡ ಕೋಟೆ-ಗೋಪುರ ನಿರೀಕ್ಷೆ ಮಾಡಬೇಡಿ. ಹೆಂಚಿನ ಮಾಡಿನ ಮನೆ, ಮನೆತನದವರು ಇನ್ನೂ ವಾಸ ಇದ್ದಾರೆ. ಕೇಳಿ, ಒಪ್ಪಿಗೆ ಪಡೆದು ನೋಡಬೇಕು. ಮರದ ಕಂಬದಲ್ಲಿ ಒಂಬತ್ತು ಹೆಂಗಸರು ಸೇರಿ ಆನೆಯಾದ ನವನಾರೀಕುಂಜರ, ಐವರು ಸೇರಿ ಕುದುರೆಯಾದ ಪಂಚನಾರೀತುರಗ. ಉಳ್ಳಾಲದಲ್ಲಿ ಪೋರ್ಚುಗೀಸರಿಗೆ ಎದುರು ನಿಂತ ರಾಣಿ ಅಬ್ಬಕ್ಕ ಇದೇ ಚೌಟ ಮನೆತನದವಳು. ಅಳಿಯಕಟ್ಟಿನ ಮನೆತನ, ಹೆಣ್ಣಿನ ಕಡೆಯಿಂದ ವಂಶ. ಆ ಕಂಬದ ಎದುರು ನಿಂತರೆ ಇದು ಬರೀ ಚಂದದ ಕೆತ್ತನೆ ಅಂತ ಅನಿಸುವುದಿಲ್ಲ.

ಕೊನೆಗೆ ಪೇಟೆಯಿಂದ ಸ್ವಲ್ಪ ಹೊರಗೆ ಕೊಡಂಗಲ್ಲು. ಜೈನ ಗುರುಗಳ ಸಮಾಧಿಗಳು, ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಹೋಗುವ ಕಲ್ಲಿನ ಮಾಡು. ನಾವು ಹೋದಾಗ ಎರಡು ದನ ಮತ್ತು ನಾವಿಬ್ಬರು.

ಇಪ್ಪತ್ತೈದು ನಿಮಿಷದ ಮಾತು

ನಾವು ಬಸದಿಯಲ್ಲಿದ್ದಾಗಲೇ ಒಂದು ವಿಷಯ ನಡೆದಿತ್ತು. ಅದನ್ನು ಇಲ್ಲಿಗೆ ಉಳಿಸಿಕೊಂಡೆ. ಹಡಗಿನ ಜನರ ಒಂದು ಬಸ್ ಬಂದಿತ್ತು. ಕುತ್ತಿಗೆಯಲ್ಲಿ ನೇತಾಡುವ ಕಾರ್ಡ್ ನೋಡಿಯೇ ಇವನಿಗೆ ಗೊತ್ತಾಯಿತು. ಬಿಸಿ ಕಲ್ಲಿನ ಮೇಲೆ ಸಾಕ್ಸ್ ಹಾಕಿಕೊಂಡು ನಡೀತಿದ್ದರು. ಎಪ್ಪತ್ತು ದಾಟಿದ ಗಂಡ-ಹೆಂಡತಿ ಬೇಗ ನೋಡಿ ಮುಗಿಸಿ ಮರದ ನೆರಳಲ್ಲಿ ನಿಂತಿದ್ದರು. ಇವನು ಹೋಗಿ ಮಾತಾಡಿಸಿದ. ವೇಟರಿನ ಇಂಗ್ಲಿಷ್, ವೇಟರಿನ ನಗು. ಬಸ್ ಹೊರಡಲು ಇನ್ನು ಇಪ್ಪತ್ತೈದು ನಿಮಿಷ ಇತ್ತು.

"ಹತ್ತು ನಿಮಿಷ ಹೋಗಲು, ಹತ್ತು ನಿಮಿಷ ಬರಲು, ಐದು ನಿಮಿಷ ಕೈಯಲ್ಲಿ. ಬರ್ತೀರಾ?" ಅಂದ. ಗೈಡಿಗೆ ಹೇಳಿ ಹೊರಟೆವು. ಜೈನಪೇಟೆಯಲ್ಲಿ ನಿಧಾನಕ್ಕೆ ನಡೆದೆವು. ಒಂದು ಮನೆಯ ಜಗಲಿಯಲ್ಲಿ ಅಡಿಕೆ ಸುಲಿಯುತ್ತಿದ್ದ ಅಜ್ಜಿಯನ್ನು ನೋಡಿ ಆ ಹೆಂಗಸು ನಿಂತುಬಿಟ್ಟರು. ಅಜ್ಜಿ ಒಂದು ಅಡಿಕೆಯನ್ನು ಕೈಗೆ ಕೊಟ್ಟು ತುಳುವಿನಲ್ಲೇ ಏನೋ ಹೇಳಿದರು, ಇವರು ತಮ್ಮ ಭಾಷೆಯಲ್ಲಿ ಏನೋ ಹೇಳಿದರು. ಮೂಲೆಯ ಅಂಗಡಿಯಲ್ಲಿ ನಾಲ್ಕು ಗ್ಲಾಸ್ ಲಿಂಬೆ ಶರಬತ್ತು, ಒಂದು ಚಿಪ್ಪು ಕದಳಿ ಬಾಳೆಹಣ್ಣು. ನಾವು ಕೊಡ್ತೇವೆ ಅಂದರೂ ಅವರು ಕೇಳಲಿಲ್ಲ, ತಾವೇ ದುಡ್ಡು ಕೊಟ್ಟರು. ನಾಲ್ಕು ನಿಮಿಷ ಮೊದಲೇ ಬಸ್ಸಿನಲ್ಲಿದ್ದರು.

ಬಸ್ ಹೋದ ಮೇಲೆ ಇವನು ಹೇಳಿದ: "ಅವರು ಈ ಟೂರಿಗೆ ಹಡಗಿನಲ್ಲಿ ಕೊಟ್ಟ ದುಡ್ಡು ಎಷ್ಟು ಅಂತ ನನಗೆ ಅಂದಾಜು ಉಂಟು ಅಣ್ಣ. ಅದರಲ್ಲಿ ಬೆದ್ರದ ಪೇಟೆಗೆ ಬಿದ್ದದ್ದು ಆ ಶರಬತ್ತಿನದ್ದು ಮಾತ್ರ."

ಬಸ್ಸಿನವರದ್ದು, ಗೈಡಿನದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಸಂಜೆಗೆ ಹಡಗು ಹೊರಡ್ತದೆ, ಅವರ ಮೇಲೂ ಗಡಿಯಾರ ಉಂಟು. ಆದರೆ ಕಾರ್ಕಳ-ಮೂಡುಬಿದಿರೆ ಎರಡನ್ನೂ ತುರುಕುವ ಬದಲು, ಒಂದೇ ಊರು, ಎರಡು ಗಂಟೆ ನಡಿಗೆ ಅಂತ ಒಂದು ಬಸ್ ಇಟ್ಟರೆ? ಊರಿನ ಬಗ್ಗೆ ಹೇಳಬಲ್ಲ ಹುಡುಗ-ಹುಡುಗಿಯರಿಗೆ ಇಲ್ಲಿ ಬರ ಇಲ್ಲ. ಬೆದ್ರ ತುಂಬ ಕಾಲೇಜು.

ಬಂಟ್ವಾಳ ಪೇಟೆಯನ್ನು ಕೇಳಿ

ಬೀದಿಯಲ್ಲಿ ಜನ ನಡೆಯದಿದ್ದರೆ ಏನಾಗ್ತದೆ ಅಂತ ತಿಳಿಯಲು ದೂರ ಹೋಗಬೇಕಿಲ್ಲ. ನಮ್ಮ ತಾಲೂಕಿನ ಬಂಟ್ವಾಳ ಪೇಟೆ ಒಂದು ಕಾಲದ ನದಿ ಬಂದರು. ಮಂಗಳೂರಿನಿಂದ ನೇತ್ರಾವತಿಯಲ್ಲಿ ದೋಣಿಗಳು ಇಲ್ಲಿವರೆಗೆ ಬರುತ್ತಿದ್ದವು. ಘಟ್ಟದ ಮೇಲಿನ ಸರಕು ಇಲ್ಲಿ ದೋಣಿ ಹತ್ತುತ್ತಿತ್ತು. 1923ರ ನೆರೆ, 1974ರ ನೆರೆ, ಎರಡನ್ನೂ ಪೇಟೆ ತಡೆದುಕೊಂಡಿತು. ರಸ್ತೆಯನ್ನು ತಡೆದುಕೊಳ್ಳುವುದು ಕಷ್ಟವಾಯಿತು. ಹೆದ್ದಾರಿ ಪೇಟೆಯೊಳಗೆ ಬರಲಿಲ್ಲ. ಪೇಟೆಗೆ ತಿರುಗುವ ಕ್ರಾಸಿನಲ್ಲಿ ಹೊಸ ಪೇಟೆ ಬೆಳೆಯಿತು, ಬಂಟ್ವಾಳ ಕ್ರಾಸ್ ರೋಡ್ ಅಂದರೆ ನಮ್ಮ ಬಿ.ಸಿ. ರೋಡ್. ಬಸ್ಸು ಅಲ್ಲಿ, ರೈಲ್ವೆ ಸ್ಟೇಷನ್ ಅಲ್ಲಿ. ಬೆಂಗಳೂರಿನಿಂದ ಬರುವ ನನ್ನ ಆಫೀಸಿನ ಗೆಳೆಯರಿಗೆ ಬಿ.ಸಿ. ರೋಡ್ ಗೊತ್ತು, ಬಂಟ್ವಾಳ ಪೇಟೆ ಗೊತ್ತಿಲ್ಲ.

ಈಗ ಮಂಗಳೂರಿನ ಬಿಕರ್ನಕಟ್ಟೆಯಿಂದ ಕಾರ್ಕಳದ ಸಾಣೂರಿನವರೆಗೆ ಹೆದ್ದಾರಿ ಚತುಷ್ಪಥ ಆಗ್ತಿದೆ. ರಸ್ತೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ದಿನಾ ಓಡಾಡುವವರಿಗೆ ಎಷ್ಟು ಸಮಯ ಉಳೀತದೆ ಅಂತ ನಮಗೇ ಗೊತ್ತು. ಆದರೆ ರಸ್ತೆ ವೇಗ ಆದಷ್ಟೂ ಬೆದ್ರವನ್ನು ದಾಟಿ ಹೋಗುವುದು ಸುಲಭ. ಆಗ ಜೈನಪೇಟೆಯ ಮೂಲೆಯ ಅಂಗಡಿ ಉಳಿಯಬೇಕಾದರೆ, ಬೇಕು ಅಂತಲೇ ಇಳಿದು ನಡೆಯುವ ಜನ ಇರಬೇಕು. ಹಡಗಿನವರು ವರ್ಷಕ್ಕೆ ಕೆಲವು ದಿನ ಬರ್ತಾರೆ. ಮಂಗಳೂರಿನಲ್ಲಿ, ಮಣಿಪಾಲದಲ್ಲಿ, ಬೆಂಗಳೂರಿನಲ್ಲಿ ಕೂತಿರುವ ನಾವು ಯಾವ ಭಾನುವಾರವೂ ಬರಬಹುದು.

ಬರುವುದಾದರೆ ಹೀಗೆ ಮಾಡಿ. ಬೆಳಿಗ್ಗೆ ಎಂಟೂವರೆಗೆ ಬಸ್‌ಸ್ಟ್ಯಾಂಡ್ ಹತ್ತಿರ ಬನ್ಸ್, ಚಾ. ಸಾವಿರ ಕಂಬದ ಬಸದಿಗೆ ಮುಕ್ಕಾಲು ಗಂಟೆ, ಜಿರಾಫೆ ಹುಡುಕಲು ಮರೆಯಬೇಡಿ. ಜೈನಪೇಟೆ, ಗುರು ಬಸದಿಗೆ ಅರ್ಧ ಗಂಟೆ. ಚೌಟರ ಅರಮನೆಗೆ ಇಪ್ಪತ್ತು ನಿಮಿಷ. ಕೊಡಂಗಲ್ಲಿಗೆ ಹೋಗಿ ಬರಲು ಮುಕ್ಕಾಲು ಗಂಟೆ. ಬಿಚ್ಚಿ ಹಾಕಲು ಸುಲಭದ ಚಪ್ಪಲಿ, ಬಿಸಿಲಿಗೆ ಟೊಪ್ಪಿ, ಜೇಬಿನಲ್ಲಿ ಚಿಲ್ಲರೆ. ಗೂಗಲ್ ಪೇ ಎಲ್ಲ ಕಡೆ ಉಂಟು, ಆದರೂ ಚಿಲ್ಲರೆ ಇದ್ದರೆ ಮಾತು ಶುರುವಾಗ್ತದೆ. ಬಾಯಾರಿದರೆ ಒಂದು ಬೊಂಡ.

ಚಿಕ್ಕಮ್ಮನ ಮಗ ಜನವರಿಯಲ್ಲಿ ಮತ್ತೆ ಹಡಗು ಹತ್ತಿದ. ಈ ಕಾಂಟ್ರಾಕ್ಟ್ ಆದ ಮೇಲೆ ಊರಿನಲ್ಲೇ ನಿಲ್ಲು ಅಂತ ಚಿಕ್ಕಮ್ಮನ ಒತ್ತಾಯ. ಇಲ್ಲಿ ನಿಂತು ಎಂಥ ಮಾಡುವುದು ಅಂತ ಅವನ ಪ್ರಶ್ನೆ. ಮೊನ್ನೆ ಫೋನಿನಲ್ಲಿ ಮಾತ್ರ ಬೇರೆ ಪ್ರಶ್ನೆ ಕೇಳಿದ: ಬೆದ್ರದಲ್ಲಿ ನಡಿಗೆ ಟೂರ್ ಮಾಡಲು ಲೈಸೆನ್ಸ್ ಏನಾದರೂ ಬೇಕಾ ಅಂತ. ವಿಚಾರಿಸ್ತಾ ಇದ್ದೇನೆ. ಈ ಕೆಲಸದಲ್ಲಿ ಅನುಭವ ಇರುವ ಓದುಗರಿದ್ದರೆ ಬರೆಯಿರಿ. ಹಾಗೆಯೇ ನಿಮ್ಮೂರಿನ ಎರಡನೇ ಬೀದಿ ಯಾವುದು ಅಂತಲೂ ತಿಳಿಸಿ. ಮುಂದಿನ ರಜೆಗೆ ಅವನನ್ನು ಅಲ್ಲಿಗೆ ಕರೆದುಕೊಂಡು ಹೋಗ್ತೇನೆ.