ಹಳೆಯ ಕಾರಿನ ಜೀರ್ಣೋದ್ಧಾರ

ನಮ್ಮ ಕಡೆಯ ಎಷ್ಟೋ ಮನೆಗಳ ಕೊಟ್ಟಿಗೆಗಳಲ್ಲಿ ಈಗ ದನಕರುಗಳಿಲ್ಲ. ಅವುಗಳ ಜಾಗದಲ್ಲಿ ಹಳೆಯ ಮಾರುತಿ 800 ಕಾರೊಂದು ನಿಂತಿರುತ್ತದೆ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದು, 2014ರ ಜನವರಿಯಲ್ಲಿ ತಯಾರಿಕೆಯನ್ನು ಮುಗಿಸಿದ ಈ ಪುಟ್ಟ ಕಾರು 25 ಲಕ್ಷಕ್ಕೂ ಮಿಕ್ಕಿದ ಸಂಖ್ಯೆಯಲ್ಲಿ ಕಾರ್ಖಾನೆಯಿಂದ ಹೊರಬಂದಿತು. ಮನೆಯ ಹಿರಿಯರು ಹೊಸ ವಾಹನವನ್ನು ಕೊಂಡ ಮೇಲೆ ಇದು ಮಗನಿಗೋ ಮೊಮ್ಮಗಳಿಗೋ ದಕ್ಕುತ್ತದೆ. ದಕ್ಕಿದ ಮೊದಲ ವಾರದಲ್ಲಿಯೇ ಅದನ್ನು ‘ಸುಧಾರಿಸುವ’ ಹಂಬಲವೂ ಹುಟ್ಟುತ್ತದೆ. ಪ್ರಖರವಾದ ದೀಪ, ಅಗಲವಾದ ಚಕ್ರ, ಗುಡುಗುವ ಹೊಗೆಕೊಳವೆ ಇವು ಆ ಹಂಬಲದ ಸಾಮಾನ್ಯ ರೂಪಗಳು.

ಈ ಹಂಬಲವನ್ನು ನಾವು ಹಳಿಯುವವರಲ್ಲ. ಯಂತ್ರವನ್ನು ಬಿಚ್ಚಿ ನೋಡಬೇಕೆಂಬ ಆಸೆಯೇ ಇಲ್ಲದ ತರುಣರಿಗಿಂತ, ಬಿಚ್ಚಿ ಕೆಡಿಸುವ ತರುಣರು ಮೇಲೆಂದೇ ನಮ್ಮ ಎಣಿಕೆ. ಆದರೆ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಹಳೆಯ ಕಾರಿನಲ್ಲಿ ನಾವು ಬಯಸುವ ಸುಧಾರಣೆಯ ಬಹುಪಾಲು, ಅದು ಹೊಸದಾಗಿದ್ದಾಗ ಪಡೆದಿದ್ದು ಕಾಲಕ್ರಮದಲ್ಲಿ ಕಳೆದುಕೊಂಡ ಗುಣಗಳನ್ನು ಮರಳಿ ತರುವುದರಿಂದಲೇ ಲಭಿಸುತ್ತದೆ. ಎಷ್ಟು ಕಳೆದಿದೆ, ಎಲ್ಲಿ ಕಳೆದಿದೆ ಎಂಬುದನ್ನು ಅಳೆಯದೆ ಹೊಸದನ್ನು ಸೇರಿಸಹೊರಟವನು ತೂತು ಕೊಡಕ್ಕೆ ಇನ್ನಷ್ಟು ನೀರು ಸುರಿದಂತೆ ಮಾಡುತ್ತಾನೆ.

ಮುಂದಿನ ದೀಪಗಳ ವಿಷಯವನ್ನೇ ತೆಗೆದುಕೊಳ್ಳೋಣ. ‘ಕಾರಿನ ಬೆಳಕು ಸಾಲದು’ ಎಂಬುದು ಹಳೆಯ ಕಾರುಳ್ಳವರೆಲ್ಲರ ದೂರು. ನಮ್ಮ ಕಾರಿನದೂ ಹೀಗೆಯೇ ಇತ್ತು. ಮಳೆಗಾಲದ ರಾತ್ರಿ ರಸ್ತೆಯ ಅಂಚೇ ಕಾಣದಂತಾದಾಗ ನಾವೂ ಹೆಚ್ಚು ವಾಟಿನ ದೀಪವನ್ನು ತರಲೆಂದು ಅಂಗಡಿಗೆ ಹೊರಟಿದ್ದೆವು. ಅದೃಷ್ಟವಶಾತ್ ಅಂದು ಅಂಗಡಿ ಮುಚ್ಚಿತ್ತು! ಮನೆಗೆ ಮರಳಿ, ಮಲ್ಟಿಮೀಟರನ್ನು ಹಿಡಿದು, ಎಂಜಿನನ್ನು ಚಾಲೂ ಮಾಡಿ, ದೀಪಗಳನ್ನು ಬೆಳಗಿಸಿ ಅಳೆದೆವು. ಬ್ಯಾಟರಿಯ ಎರಡು ತುದಿಗಳ ನಡುವೆ 13.8 ವೋಲ್ಟ್ ಇತ್ತು. ದೀಪದ ಎರಡು ತುದಿಗಳ ನಡುವೆ 12.1 ಮಾತ್ರ. ಉಳಿದ 1.7 ವೋಲ್ಟ್ ದಾರಿಯಲ್ಲಿಯೇ ಎಲ್ಲೋ ಸೋರಿಹೋಗುತ್ತಿತ್ತು.

1.7 ವೋಲ್ಟ್ ಎಂದರೆ ಅಲ್ಪವೆಂದು ತೋರಬಹುದು. ಆದರೆ ತಂತುದೀಪದ ಬೆಳಕು ವೋಲ್ಟೇಜಿಗೆ ನೇರ ಅನುಪಾತದಲ್ಲಿ ಇಳಿಯುವುದಿಲ್ಲ. ತಂತುವಿನ ಉಷ್ಣತೆ ತುಸು ತಗ್ಗಿದರೂ ಅದು ಸೂಸುವ ಕಿರಣಗಳಲ್ಲಿ ಕಣ್ಣಿಗೆ ಕಾಣುವ ಪಾಲು ಬಹಳ ಬೇಗನೆ ಕುಗ್ಗುತ್ತದೆ. ಬೆಳಕು ವೋಲ್ಟೇಜಿನ ಸರಿಸುಮಾರು 3.4ನೆಯ ಘಾತಕ್ಕೆ ಅನುಗುಣವಾಗಿರುತ್ತದೆಂದು ಲೆಕ್ಕ ಹಾಕುವುದು ವಾಡಿಕೆ. 12.1ನ್ನು 13.8ರಿಂದ ಭಾಗಿಸಿ ಆ ಘಾತಕ್ಕೆ ಏರಿಸಿದರೆ 0.64 ಬರುತ್ತದೆ. ಅಂದರೆ ದೊರೆಯಬೇಕಾಗಿದ್ದ ಬೆಳಕಿನಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚನ್ನು ನಾವು ಕತ್ತಲೆಗೆ ಒಪ್ಪಿಸಿದ್ದೆವು. ಲಾಗರಿದಮ್ ಕೋಷ್ಟಕವನ್ನು ಪರೀಕ್ಷೆಗಾಗಿ ಮಾತ್ರ ತೆರೆದ ಓದುಗರು ಈ ಲೆಕ್ಕವನ್ನು ತಾವೇ ಮಾಡಿ ನೋಡಬಹುದು.

ಈ ವೋಲ್ಟೇಜು ಎಲ್ಲಿ ಹೋಯಿತು? ಅಳೆಯುವ ತುದಿಗಳನ್ನು ಒಂದೊಂದಾಗಿ ಸರಿಸುತ್ತ ಹೋದೆವು. ದೀಪದಿಂದ ಬ್ಯಾಟರಿಯ ಋಣ ತುದಿಗೆ ವಿದ್ಯುತ್ತು ಹಿಂದಿರುಗುವ ಹಾದಿಯಲ್ಲಿಯೇ 0.9 ವೋಲ್ಟ್ ಕಳೆಯುತ್ತಿತ್ತು. ತಂತಿಯನ್ನು ಕಾರಿನ ಮೈಗೆ ಬಿಗಿದ ತಿರುಪನ್ನು ಬಿಚ್ಚಿದಾಗ ಕಾರಣ ಕಂಡಿತು: ಇಪ್ಪತ್ತು ವರ್ಷಗಳ ತುಕ್ಕು. ಉಪ್ಪುಕಾಗದದಿಂದ ಉಜ್ಜಿ, ಲೋಹ ಹೊಳೆಯುವಂತೆ ಮಾಡಿ, ಮತ್ತೆ ಬಿಗಿದು, ಮೇಲೆ ತುಸು ಗ್ರೀಸನ್ನು ಸವರಿದೆವು. 0.9 ಇದ್ದುದು 0.1ಕ್ಕೆ ಇಳಿಯಿತು. ದೀಪಕ್ಕೆ ಈಗ 12.9 ವೋಲ್ಟ್ ದೊರೆತು, ಬೆಳಕು 64ರಿಂದ 80ಕ್ಕೆ ಏರಿತ್ತು. ಖರ್ಚು ಒಂದು ಹಾಳೆ ಉಪ್ಪುಕಾಗದ.

ಇಷ್ಟಾದ ಮೇಲೆಯೇ ನಾವು ನಿಜವಾದ ಅರ್ಥದಲ್ಲಿ ಸುಧಾರಣೆಗೆ ಕೈಹಾಕಿದುದು. ಹಳೆಯ ಕಾರುಗಳಲ್ಲಿ ಸಾಮಾನ್ಯವಾಗಿ ದೀಪದ ಪೂರ್ಣ ಪ್ರವಾಹವು ಸಣ್ಣ ತಂತಿಗಳಲ್ಲಿ, ಚಾಲಕನ ಕೈಬಳಿಯ ಸ್ವಿಚ್ಚಿನ ಮೂಲಕ ಸುತ್ತಿಕೊಂಡು ಹರಿಯುತ್ತದೆ. ರಿಲೇ ಎಂಬುದು ಸಣ್ಣ ಪ್ರವಾಹವೊಂದರ ಆಜ್ಞೆಯಂತೆ ದೊಡ್ಡ ಪ್ರವಾಹವನ್ನು ಬಿಡುವ ವಿದ್ಯುತ್ಕಾಂತೀಯ ಸ್ವಿಚ್ಚು. ಅದನ್ನು ಅಳವಡಿಸಿ, ಬ್ಯಾಟರಿಯಿಂದ ದಪ್ಪ ತಂತಿಯನ್ನು ನೇರವಾಗಿ ದೀಪಕ್ಕೆ ಎಳೆದರೆ, ಹಳೆಯ ಸ್ವಿಚ್ಚಿನ ಮೂಲಕ ಹರಿಯುವುದು ಒಂದು ಆಂಪಿಯರಿನ ಸಣ್ಣ ಅಂಶ ಮಾತ್ರ. ಹೊಸ ತಂತಿಗೆ ಬ್ಯಾಟರಿಯ ಸಮೀಪದಲ್ಲಿಯೇ ಫ್ಯೂಸು ಇರಬೇಕು. ಇದನ್ನು ಮರೆತರೆ ತಂತಿ ಎಲ್ಲಿಯಾದರೂ ಉಜ್ಜಿ ಕಾರಿನ ಮೈಗೆ ತಗುಲಿದ ದಿನ ಬೆಂಕಿಯೇ ಏಳುತ್ತದೆ. ತಮ್ಮ ಕಾರಿನಲ್ಲಿ ರಿಲೇ ಮೊದಲೇ ಇದೆಯೇ ಎಂಬುದನ್ನೂ ನೋಡಿಕೊಳ್ಳತಕ್ಕದ್ದು. ನಮ್ಮ ಕಾರಿನಲ್ಲಿ ಈ ಕೆಲಸ ಮುಗಿದಾಗ ದೀಪದ ಬಳಿ 13.5 ವೋಲ್ಟ್ ಇತ್ತು, ಬೆಳಕು 93. ದೀಪ ಮಾತ್ರ ಹಳೆಯದೇ.

ಅಂಗಡಿ ಅಂದು ತೆರೆದಿದ್ದರೆ ಏನಾಗುತ್ತಿತ್ತು? 60 ವಾಟಿನ ಎರಡು ದೀಪಗಳು 12 ವೋಲ್ಟಿನ ಲೆಕ್ಕದಲ್ಲಿ 10 ಆಂಪಿಯರು ಸೆಳೆಯುತ್ತವೆ. 100 ವಾಟಿನ ಎರಡು ದೀಪಗಳು 16.7 ಆಂಪಿಯರು. ತಂತಿಯಲ್ಲಿ ಹುಟ್ಟುವ ಶಾಖ ಪ್ರವಾಹದ ವರ್ಗಕ್ಕೆ ಅನುಗುಣವಾದುದರಿಂದ, ಅದೇ ತುಕ್ಕು ಹಿಡಿದ ಹಾದಿಯಲ್ಲಿ ಸುಮಾರು ಎರಡೂ ಮುಕ್ಕಾಲು ಪಟ್ಟು ಶಾಖ ಏಳುತ್ತಿತ್ತು. ಜೋಡಣೆಯ ಪ್ಲಾಸ್ಟಿಕ್ಕು ಕರಗುವುದು, ಸ್ವಿಚ್ಚು ಸುಡುವುದು ಹೀಗೆಯೇ. ಎದುರಿನಿಂದ ಬರುವವನ ಕಣ್ಣು ಕುಕ್ಕುವ ಪಾಪ ಬೇರೆ. ಇಂಥ ಕಾರುಗಳನ್ನು ನಾವು ಪ್ರತಿ ರಾತ್ರಿಯೂ ಎದುರಿಸುತ್ತಿರುವುದರಿಂದ ಈ ವಿಷಯದಲ್ಲಿ ನಮಗೆ ತುಸು ಕೋಪವಿದೆಯೆಂಬುದನ್ನು ಮುಚ್ಚಿಡುವುದಿಲ್ಲ.

ಚಕ್ರಗಳ ವಿಷಯದಲ್ಲಿಯೂ ಲೆಕ್ಕವೇ ಸಾಕ್ಷಿ. ಈ ಕಾರಿನ ಟೈರಿನ ಮೇಲೆ 145/70 ಆರ್ 12 ಎಂದು ಬರೆದಿರುತ್ತದೆ. 145 ಎಂಬುದು ಮಿಲಿಮೀಟರಿನಲ್ಲಿ ಅಗಲ, ಪಕ್ಕದ ಗೋಡೆಯ ಎತ್ತರ ಅದರ ನೂರಕ್ಕೆ 70, ಒಳಗಿನ ಲೋಹಚಕ್ರದ ವ್ಯಾಸ 12 ಅಂಗುಲ. ಒಟ್ಟು ವ್ಯಾಸ ಸುಮಾರು 508 ಮಿ.ಮೀ. ಆಗುತ್ತದೆ. ಗಾಂಭೀರ್ಯಕ್ಕಾಗಿ 145/80 ಆರ್ 13ನ್ನು ತಂದು ಹಾಕಿದರೆ ವ್ಯಾಸ 562ಕ್ಕೆ ಏರುತ್ತದೆ. ನೂರಕ್ಕೆ ಹತ್ತಕ್ಕಿಂತ ಹೆಚ್ಚಿನ ವ್ಯತ್ಯಾಸ. ವೇಗಮಾಪಕವು ಚಕ್ರದ ಸುತ್ತುಗಳನ್ನು ಎಣಿಸುವುದೇ ಹೊರತು ರಸ್ತೆಯನ್ನು ಅಳೆಯುವುದಿಲ್ಲವಾದುದರಿಂದ, ಮೊದಲು 60 ಕಿಲೋಮೀಟರು ವೇಗಕ್ಕೆ 60 ಎಂದು ತೋರುತ್ತಿದ್ದ ಮುಳ್ಳು ಈಗ 66 ಮೀರಿದ ವೇಗಕ್ಕೂ 60 ಎಂದೇ ಹೇಳುತ್ತದೆ. ಎಂಜಿನಿನ ಎಳೆತ ನೆಲಕ್ಕೆ ತಲಪುವಾಗ ಹತ್ತರಲ್ಲೊಂದು ಪಾಲು ಕುಗ್ಗುತ್ತದೆ. ಬ್ರೇಕಿನ ಹಿಡಿತಕ್ಕೂ ಅದೇ ಗತಿ, ಏಕೆಂದರೆ ಸನ್ನೆಯ ತೋಳು ಉದ್ದವಾಗಿದೆ. ಚೆಂದಕ್ಕೆ ಹಾಕಿದ ಚಕ್ರದಿಂದ ಕಾರು ಏಕಕಾಲದಲ್ಲಿ ಮಂದವೂ ಅಪಾಯಕರವೂ ಆಯಿತು. ಸರಿಯಾದ ಅಳತೆಯ ಹೊಸ ಟೈರು ಹಾಕಿ, ಗಾಳಿಯ ಒತ್ತಡವನ್ನು ತಿಂಗಳಿಗೊಮ್ಮೆ ನೋಡಿಕೊಂಡರೆ ಇದಕ್ಕಿಂತ ಹೆಚ್ಚಿನ ಸುಖವಿದೆ.

ಹಾಗಾದರೆ ಹೊಸದು ಯಾವುದೂ ಬೇಡವೆ? ಬೇಕು. ಕಾರಿನ ಸುತ್ತಲಿನ ಜಗತ್ತು ಬದಲಾಗಿರುವ ಕಡೆಗಳಲ್ಲಿ ಕಾರೂ ಬದಲಾಗಲೇಬೇಕು. ನಮ್ಮ ದೇಶದ ಪೆಟ್ರೋಲಿಗೆ 2025ರ ವೇಳೆಗೆ ನೂರಕ್ಕೆ 20ರಷ್ಟು ಎಥನಾಲು ಬೆರೆಯತೊಡಗಿತು. ಈ ಕಾರಿನ ಹಳೆಯ ಮಾದರಿಗಳು ಅದನ್ನು ಕನಸಿನಲ್ಲಿಯೂ ಕಂಡವಲ್ಲ. ಶುದ್ಧ ಪೆಟ್ರೋಲಿನ ಒಂದು ತೂಕ ಪೂರ್ಣವಾಗಿ ಉರಿಯಲು ಸುಮಾರು 14.7 ತೂಕ ಗಾಳಿ ಬೇಕು. ಎಥನಾಲಿನಲ್ಲಿ ಆಮ್ಲಜನಕವು ಮೊದಲೇ ಇರುವುದರಿಂದ ಈ ಮಿಶ್ರಣಕ್ಕೆ 13.5ರಷ್ಟು ಸಾಕು. ಈಚಿನ ಕಾರುಗಳಲ್ಲಿ ಹೊಗೆಯೊಳಗಿನ ಆಮ್ಲಜನಕವನ್ನು ಅಳೆದು ಇಂಧನವನ್ನು ಹೊಂದಿಸುವ ಸಾಧನವಿದೆ. ಕಾರ್ಬ್ಯುರೇಟರು ಪಾಪ, ಅಂಥ ಬುದ್ಧಿಯಿಲ್ಲದ್ದು. ಅದು ಹಳೆಯ ಅಳತೆಯಲ್ಲಿಯೇ ಬಡಿಸುತ್ತದೆ, ಎಂಜಿನು ಅರೆಹೊಟ್ಟೆಯಲ್ಲಿ ಓಡುತ್ತದೆ. ಇದಕ್ಕಿಂತ ಮುಖ್ಯವಾದುದು, ಹಳೆಯ ರಬ್ಬರು ಕೊಳವೆಗಳು ಎಥನಾಲಿನಿಂದ ಉಬ್ಬಿ, ಬಿರಿದು, ಬಿಸಿ ಎಂಜಿನಿನ ಮೇಲೆ ಪೆಟ್ರೋಲನ್ನು ಒಸರಬಹುದು. ಎಥನಾಲಿಗೆ ತಾಳುವ ಕೊಳವೆಗಳನ್ನು ಹಾಕಿಸುವುದು ಕಣ್ಣಿಗೆ ಕಾಣದ, ಗೆಳೆಯರ ಮುಂದೆ ಮೆರೆಯಲಾಗದ ಸುಧಾರಣೆ. ನಮ್ಮನ್ನು ಕೇಳಿದರೆ ಮೊದಲು ಅದನ್ನೇ ಮಾಡಿ ಎನ್ನುತ್ತೇವೆ.

ಬ್ರೇಕ್ ಎಣ್ಣೆಯೂ ಇಂಥದೇ. ಅದು ಗಾಳಿಯಿಂದ ತೇವವನ್ನು ಹೀರುತ್ತಲೇ ಇರುತ್ತದೆ. ಡಾಟ್ 3 ಎಂಬ ದರ್ಜೆಯ ಎಣ್ಣೆ ಹೊಸದಾಗಿದ್ದಾಗ ಕನಿಷ್ಠಪಕ್ಷ 205 ಡಿಗ್ರಿ ಸೆಲ್ಸಿಯಸಿನವರೆಗೆ ಕುದಿಯಬಾರದು. ನೂರಕ್ಕೆ 4ರಷ್ಟೂ ಇಲ್ಲದ ನೀರು ಸೇರಿದರೆ ಆ ಮಿತಿ 140ಕ್ಕೆ ಇಳಿಯುತ್ತದೆ. ನಾಲ್ವರು ಕುಳಿತ 900 ಕಿಲೋಗ್ರಾಮಿನ ಕಾರು ಆಗುಂಬೆಯಂಥದೋ ಚಾರ್ಮಾಡಿಯಂಥದೋ ಘಟ್ಟದಲ್ಲಿ 500 ಮೀಟರು ಕೆಳಗಿಳಿಯಿತೆನ್ನೋಣ. ಕಳೆದುಕೊಳ್ಳಬೇಕಾದ ಸ್ಥಿತಿಶಕ್ತಿ ಸುಮಾರು 44 ಲಕ್ಷ ಜೌಲು. 20 ಡಿಗ್ರಿಯ 13 ಲೀಟರು ನೀರನ್ನು ಕುದಿಗೆ ತರಲು ಅಷ್ಟು ಸಾಕು. ಕೆಳಗಿನ ಗೇರಿನಲ್ಲಿ ಇಳಿದರೆ ಎಂಜಿನೇ ಅದರಲ್ಲಿ ಒಳ್ಳೆಯ ಪಾಲನ್ನು ಹೊರುತ್ತದೆ; ಬ್ರೇಕನ್ನೇ ತುಳಿಯುತ್ತ ಬಂದರೆ ಅದೆಲ್ಲವೂ ತಟ್ಟೆ ಮತ್ತು ಡ್ರಮ್ಮುಗಳಿಗೆ ಹೋಗುತ್ತದೆ. ನೀರು ಸೇರಿದ ಎಣ್ಣೆ ಕುದಿದು ಆವಿಯಾದರೆ, ಆವಿಯು ಒತ್ತಿದಂತೆ ಕುಗ್ಗುವುದರಿಂದ ಪೆಡಲು ತಳಮುಟ್ಟುತ್ತದೆ, ಕಾರು ನಿಲ್ಲುವುದಿಲ್ಲ. ಎರಡು ವರ್ಷಗಳಿಗೊಮ್ಮೆ ಈ ಎಣ್ಣೆಯನ್ನು ಬದಲಾಯಿಸದ ಮನೆಯಲ್ಲಿ ಸಂಗೀತದ ಪೆಟ್ಟಿಗೆಗೆ ಸಾವಿರಾರು ರೂಪಾಯಿ ಸುರಿದುದನ್ನು ನಾವು ಕಂಡಿದ್ದೇವೆ.

ಆದರೆ ಇಲ್ಲಿ ಒಂದು ಗೆರೆಯನ್ನು ಎಳೆಯುತ್ತೇವೆ. ಬ್ರೇಕು ಮತ್ತು ಸ್ಟಿಯರಿಂಗನ್ನು ವಿದ್ಯಾರ್ಥಿಗಳು ಒಬ್ಬರೇ ಬಿಚ್ಚಕೂಡದು. ಪಳಗಿದ ಮೆಕ್ಯಾನಿಕ್ಕಿನ ಪಕ್ಕದಲ್ಲಿ ಕುಳಿತು, ಅವರ ಕೈಗೆ ಸ್ಪ್ಯಾನರನ್ನು ಕೊಡುತ್ತ ಕಲಿಯಬೇಕಾದ ವಿದ್ಯೆ ಅದು. ಜಾಕಿನ ಮೇಲೆ ಮಾತ್ರ ನಿಂತ ಕಾರಿನ ಕೆಳಗೆ ಯಾರೂ ತೂರಬಾರದು. ಭಾರವನ್ನು ತಡೆಯುವ ಲೋಹದ ಸ್ಟ್ಯಾಂಡುಗಳು ಬೇಕು, ನೆಲ ಸಮವಾಗಿರಬೇಕು. ಇಟ್ಟಿಗೆಗಳ ರಾಶಿ ಸ್ಟ್ಯಾಂಡಲ್ಲ, ಅದು ಸದ್ದಿಲ್ಲದೆ ಪುಡಿಯಾಗುತ್ತದೆ. ಮುಚ್ಚಿದ ಕೊಟ್ಟಿಗೆಯಲ್ಲಿ ಎಂಜಿನನ್ನು ಓಡಿಸಿದರೆ ವಾಸನೆಯಿಲ್ಲದ ಇಂಗಾಲದ ಮಾನಾಕ್ಸೈಡು ಕೊಲ್ಲುತ್ತದೆ.

ಕಾಯಿದೆಯ ಮಾತೂ ಒಂದಿದೆ. ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ತಯಾರಕರು ಮೂಲತಃ ನಿಗದಿ ಮಾಡಿದ ವಿವರಗಳಿಗೆ ನೋಂದಣಿ ಪತ್ರದ ವಿವರಗಳು ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಿತು. ತುಕ್ಕನ್ನು ಉಜ್ಜುವುದಕ್ಕೆ ಯಾವ ಕಾಯಿದೆಯೂ ಅಡ್ಡಬರುವುದಿಲ್ಲ.

ಹಳೆಯ ಕಾರನ್ನು ಗುಜರಿಗೆ ಹಾಕುವುದೇ ಲೇಸು ಎನ್ನುವವರ ವಾದವನ್ನು ನಾವು ತಳ್ಳಿಹಾಕುವುದಿಲ್ಲ. ಈ ಹಳೆಯ ಕಾರುಗಳಲ್ಲಿ ಗಾಳಿಚೀಲಗಳಿಲ್ಲ, ತಗಡು ತೆಳು. ಹದ ತಪ್ಪಿದ ಕಾರ್ಬ್ಯುರೇಟರು ಊರಿನ ಗಾಳಿಯನ್ನು ಕೆಡಿಸುತ್ತದೆ. ಹದಿನೈದು ವರ್ಷಗಳ ನಂತರದ ತಪಾಸಣೆಯಲ್ಲಿ ಸೋತ ಕಾರು ಹೋಗಲೇಬೇಕು, ಮಮತೆಯಿಂದ ಅದನ್ನು ಹೆದ್ದಾರಿಗೆ ಒಯ್ಯುವುದು ಹಟಮಾರಿತನ. ಆದರೆ ಊರೊಳಗಿನ ಸಣ್ಣ ಓಡಾಟಕ್ಕೆ ಇನ್ನೂ ಯೋಗ್ಯವಾಗಿರುವ ಕಾರನ್ನು ಅದರ ಪೂರ್ವಸ್ಥಿತಿಗೆ ತರುವ ಕೆಲಸ ನಮ್ಮ ವಿದ್ಯಾರ್ಥಿಗಳಿಗೆ ಕೊಡುವ ಶಿಕ್ಷಣ ಸಣ್ಣದಲ್ಲ. ಓಮನ ನಿಯಮವನ್ನು ಕಂಠಪಾಠ ಮಾಡಿ ಅಂಕ ಗಳಿಸಿದ ಎಷ್ಟೋ ಮಂದಿ, ಉರಿಯುವ ದೀಪವೊಂದರ ಎರಡು ತುದಿಗಳ ನಡುವಿನ ವೋಲ್ಟೇಜನ್ನು ಒಮ್ಮೆಯೂ ಅಳೆದವರಲ್ಲ. ಈ ಎಂಜಿನಿನ ಸಿಲಿಂಡರಿನ ವ್ಯಾಸ 68.5 ಮಿ.ಮೀ., ಪಿಸ್ಟನ್ನಿನ ಓಟ 72 ಮಿ.ಮೀ., ಸಿಲಿಂಡರುಗಳು ಮೂರು ಎಂದು ಹೇಳಿ ಘನಗಾತ್ರವನ್ನು ಕೇಳಿದರೆ, ‘796’ ಎಂಬ ಉತ್ತರ ಬಂದಾಗ ಅವರ ಮುಖದಲ್ಲಿ ಮೂಡುವ ಬೆರಗನ್ನು ನೋಡಬೇಕು. ಕಾರಿನ ಬೆನ್ನ ಮೇಲಿನ 800 ಎಂಬ ಅಂಕೆ ಅಂದಿನಿಂದ ಅವರಿಗೆ ಬರಿಯ ಹೆಸರಾಗಿ ಉಳಿಯುವುದಿಲ್ಲ.

ಕೆಲಸ ಹಿಡಿಯುವವರು ಒಂದು ನೋಟುಪುಸ್ತಕವನ್ನು ಇಟ್ಟುಕೊಳ್ಳಲಿ. ದಿನಾಂಕ, ಮೊದಲಿನ ಅಳತೆ, ಮಾಡಿದ ಕೆಲಸ, ಆಮೇಲಿನ ಅಳತೆ ಇಷ್ಟು ಸಾಕು. ನಮ್ಮ ಪುಸ್ತಕದ ಕೊನೆಯ ಪುಟದಲ್ಲಿ ಎಡದೀಪದ ವೋಲ್ಟೇಜು ಬಲದೀಪಕ್ಕಿಂತ 0.3ರಷ್ಟು ಕಡಮೆಯೆಂದು ಬರೆದಿದೆ. ಕಾರಣ ಇನ್ನೂ ಸಿಕ್ಕಿಲ್ಲ. ಮಳೆ ಬಿಟ್ಟ ಮೇಲೆ ಆ ಬದಿಯ ಜೋಡಣೆಯನ್ನು ಮತ್ತೊಮ್ಮೆ ಬಿಚ್ಚಿ ನೋಡಬೇಕೆಂದಿದ್ದೇವೆ.