ಕೊಟ್ಟದ್ದರ ಲೆಕ್ಕ, ಕಲಿತದ್ದರ ಲೆಕ್ಕ



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಶಾಲಾ ಮಕ್ಕಳ ಹೆಸರಿನಲ್ಲಿ ಇಂದು ಹಲವು ಮೂಲಗಳಿಂದ ಹಣ ಬರುತ್ತಿದೆ. 2012ರಲ್ಲಿ ಸಂಸತ್ತು ಅಂಗೀಕರಿಸಿದ ಸಂವಿಧಾನ ತಿದ್ದುಪಡಿಯಿಂದ 371(ಜೆ) ವಿಧಿ ಜಾರಿಗೆ ಬಂದು, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನ ಈ ಭಾಗಕ್ಕೆ ದೊರೆಯುತ್ತಿದೆ. ಮಂಡಳಿಯು ‘ಅಕ್ಷರ ಆವಿಷ್ಕಾರ’ವೆಂಬ ಹೆಸರಿನಲ್ಲಿ ಶಿಕ್ಷಣಕ್ಕೆಂದೇ ಪಾಲನ್ನು ಮೀಸಲಿರಿಸಿದೆ. ಗಣಿ ಕಾಯ್ದೆಗೆ 2015ರಲ್ಲಿ ತಂದ ತಿದ್ದುಪಡಿಯಂತೆ ರಚನೆಯಾದ ಜಿಲ್ಲಾ ಖನಿಜ ಪ್ರತಿಷ್ಠಾನದ ಆದ್ಯತೆಗಳಲ್ಲಿ ಶಿಕ್ಷಣವೂ ಒಂದು. 2013ರ ಕಂಪನಿ ಕಾಯ್ದೆಯ 135ನೇ ಕಲಮಿನಡಿ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ವಿನಿಯೋಗಿಸಬೇಕು. ಈ ಹಣದಿಂದ ಪರಿಹಾರ ಬೋಧನೆ, ಬೇಸಿಗೆ ಶಿಬಿರ, ಕ್ರೀಡಾ ತರಬೇತಿ, ಸ್ಮಾರ್ಟ್ ತರಗತಿ ಮುಂತಾದ ಕಾರ್ಯಕ್ರಮಗಳು ನಡೆಯುತ್ತವೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು 2002ರ ವರದಿಯಲ್ಲಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವುಗಳೆಂದು ಗುರುತಿಸಿದಾಗ ಕೂಡ್ಲಿಗಿ, ಹರಪನಹಳ್ಳಿಗಳೂ ಆ ಪಟ್ಟಿಯಲ್ಲಿದ್ದವು. ಆದ್ದರಿಂದ ಈ ನೆರವು ನ್ಯಾಯವಾಗಿ ಬರಬೇಕಾದದ್ದೇ. ಆದರೆ ಅದು ಮಗುವನ್ನು ಮುಟ್ಟಿತೇ ಎಂಬುದನ್ನು ಅರಿಯುವ ಬಗೆ ಹೇಗೆ?

ವರ್ಷಾಂತ್ಯದ ವರದಿಗಳಲ್ಲಿ ಸಾಮಾನ್ಯವಾಗಿ ಕಾಣುವುದು ವಿತರಿಸಿದ ಚೀಲಗಳ ಸಂಖ್ಯೆ, ಶಿಬಿರ ನಡೆದ ದಿನಗಳು, ಹಾಜರಾದವರ ಪಟ್ಟಿ ಮತ್ತು ಛಾಯಾಚಿತ್ರಗಳು. ಇವೆಲ್ಲ ಕೊಟ್ಟದ್ದರ ಲೆಕ್ಕ. ಹಣ ಸೋರಿಹೋಗಿಲ್ಲವೆಂದು ತಿಳಿಯಲು ಅದು ಬೇಕು. ಆದರೆ ಕಲಿತದ್ದರ ಲೆಕ್ಕ ಬೇರೆಯೇ ಆಗಿದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮವನ್ನೇ ನೋಡೋಣ. ಮಕ್ಕಳಿಗೆ ಉಚಿತ ಸದಸ್ಯತ್ವ ನೀಡಿದ್ದು ಸ್ತುತ್ಯ ಕಾರ್ಯ. ಆದರೆ ಸದಸ್ಯರ ಸಂಖ್ಯೆ ಕೊಟ್ಟದ್ದರ ಲೆಕ್ಕ. ಎಷ್ಟು ಮಕ್ಕಳು ಪುಸ್ತಕ ಒಯ್ದು, ಓದಿ, ಎರಡನೆಯ ಪುಸ್ತಕಕ್ಕಾಗಿ ಮರಳಿ ಬಂದರೆಂಬುದು ಕಲಿತದ್ದರ ಲೆಕ್ಕ.

ಅಳತೆಯಿದ್ದ ಮಾತ್ರಕ್ಕೆ ಸತ್ಯ ತಿಳಿಯುವುದೂ ಇಲ್ಲ. 2023ರಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ 83.89 ಇತ್ತು. 2024ರಲ್ಲಿ ಪರೀಕ್ಷಾ ಕೇಂದ್ರಗಳಿಗೆ ವೆಬ್‌ಕಾಸ್ಟಿಂಗ್ ಕಣ್ಗಾವಲು ಬಂದಾಗ, ಕೃಪಾಂಕ ನೀಡಿದ ಬಳಿಕವೂ ಅದು ಶೇ 73.40ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ಮಕ್ಕಳ ಬುದ್ಧಿ ಅಷ್ಟು ಕುಗ್ಗಲಿಲ್ಲ, ಅಳತೆಗೋಲು ಬಿಗಿಯಾಯಿತು. ಹಾಗಾಗಿ ನಮ್ಮ ಕಾರ್ಯಕ್ರಮದಿಂದ ಫಲಿತಾಂಶ ಏರಿತೆಂದು ಯಾರಾದರೂ ಹೇಳಿದಾಗ, ಅಳೆದವರಾರು, ಹೇಗೆ ಅಳೆದರು ಎಂದು ಕೇಳುವುದು ಅವಿಶ್ವಾಸವಲ್ಲ, ವಿವೇಕ.

ನಮ್ಮ ಸೀಮೆಯಲ್ಲಿ ಇದಕ್ಕಿಂತ ಗಂಭೀರವಾದ ತೊಡಕೊಂದಿದೆ. ಮಳೆಯಾಶ್ರಿತ ಬೆಳೆ ಮುಗಿದ ಬಳಿಕ ಅನೇಕ ಕುಟುಂಬಗಳು ಮಲೆನಾಡಿನ ಕಾಫಿ ತೋಟಗಳಿಗೆ, ಕಬ್ಬಿನ ಸೀಮೆಗೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುತ್ತವೆ. ಮಕ್ಕಳೂ ಜೊತೆಗೆ ಹೋಗುತ್ತಾರೆ. ಜೂನ್‌ನಲ್ಲಿ 60 ಮಕ್ಕಳು ಓದಿನ ತರಗತಿಗೆ ಸೇರಿದರೆಂದು ಭಾವಿಸೋಣ. ಮಾರ್ಚಿಗೆ ಉಳಿದವರು 40. ಅವರಲ್ಲಿ 30 ಮಕ್ಕಳು ಸರಾಗವಾಗಿ ಓದುತ್ತಾರೆ. ವರದಿಯು ಶೇ 75 ಯಶಸ್ಸೆನ್ನುತ್ತದೆ. ಸೇರಿದವರೆಲ್ಲರನ್ನೂ ಲೆಕ್ಕಕ್ಕೆ ಹಿಡಿದರೆ ಅದು ಶೇ 50. ಆ 30ರಲ್ಲಿ 20 ಮಕ್ಕಳಿಗೆ ಜೂನ್‌ನಲ್ಲಿಯೇ ಓದಲು ಬರುತ್ತಿದ್ದರೆ, ಹೊಸದಾಗಿ ಓದು ಕಲಿತವರು ಹತ್ತೇ ಮಂದಿ. ಯಾರೂ ಸುಳ್ಳು ಹೇಳಲಿಲ್ಲ. ಆದರೂ ಗುಳೆ ಹೋದ 20 ಮಕ್ಕಳು ವರದಿಯಿಂದಲೇ ಕಾಣೆಯಾದರು. ನೆರವು ಯಾರಿಗಾಗಿ ಬಂದಿತ್ತೋ ಅವರೇ ಲೆಕ್ಕದಿಂದ ಹೊರಗುಳಿದರೆ, ಮುಂದಿನ ವರ್ಷದ ಯೋಜನೆಯೂ ಅವರನ್ನು ಬಿಟ್ಟೇ ರೂಪುಗೊಳ್ಳುತ್ತದೆ.

ಸರಿಯಾಗಿ ಅಳೆಯುವುದು ದುಬಾರಿಯೇನಲ್ಲ. ಪ್ರಥಮ್ ಸಂಸ್ಥೆ 2005ರಿಂದ ನಡೆಸುತ್ತಿರುವ ‘ಅಸರ್’ ಸಮೀಕ್ಷೆಯ ಸಾಧನ ಸರಳವಾದದ್ದು: ಅಕ್ಷರ, ಪದ, ಒಂದನೆಯ ತರಗತಿಯ ವಾಕ್ಯಗಳು, ಎರಡನೆಯ ತರಗತಿಯ ಪುಟ್ಟ ಕಥೆ, ಜೊತೆಗೆ ಅಂಕಿ ಗುರುತಿಸುವಿಕೆ, ವ್ಯವಕಲನ, ಭಾಗಾಕಾರ. ಸಮೀಕ್ಷಕರು ಶಾಲೆಯಲ್ಲಿ ಕೂರದೆ ಮನೆಮನೆಗೆ ಹೋಗುವುದರಿಂದ, ಶಾಲೆ ಬಿಟ್ಟ ಮಗುವೂ ಲೆಕ್ಕಕ್ಕೆ ಸೇರುತ್ತದೆ. ಅಕ್ಷರ ಫೌಂಡೇಶನ್ನಿನ ‘ಗಣಿತ ಕಲಿಕಾ ಆಂದೋಲನ’ ಕಲ್ಯಾಣ ಕರ್ನಾಟಕದ ಸರ್ಕಾರಿ ಶಾಲೆಗಳಿಗೂ ಬಂದಿತ್ತು. ಅದರೊಂದಿಗೆ ನಡೆದ ಗ್ರಾಮ ಪಂಚಾಯಿತಿ ಮಟ್ಟದ ಗಣಿತ ಸ್ಪರ್ಧೆಗಳಲ್ಲಿ ಮಕ್ಕಳಿಗೆ ಎಲ್ಲಿ ತೊಡಕಿದೆಯೆಂಬುದು ಊರಿನವರ ಸಮ್ಮುಖದಲ್ಲಿಯೇ ತಿಳಿಯುವಂತಾಯಿತು. ಕಚೇರಿಗೆ ಹೋಗುವ ವರದಿಗಿಂತ ಊರಿಗೆ ತಿಳಿಯುವ ಅಳತೆ ಹೆಚ್ಚು ಪ್ರಯೋಜನಕಾರಿ.

ಕಾನೂನಿನ ಕಣ್ಣು ಎಲ್ಲೆಡೆಗೂ ತಲುಪುವುದಿಲ್ಲ. 2021ರ ತಿದ್ದುಪಡಿ ನಿಯಮಗಳಂತೆ, ಸಾಮಾಜಿಕ ಹೊಣೆಗಾರಿಕೆಗೆ ಸರಾಸರಿ 10 ಕೋಟಿ ರೂಪಾಯಿ ಅಥವಾ ಹೆಚ್ಚು ವ್ಯಯಿಸಬೇಕಾದ ಕಂಪನಿಗಳು ಮಾತ್ರ, ಅದೂ 1 ಕೋಟಿ ಅಥವಾ ಹೆಚ್ಚಿನ ಮೊತ್ತದ ಯೋಜನೆಗಳಿಗೆ, ಸ್ವತಂತ್ರ ಸಂಸ್ಥೆಯಿಂದ ಪರಿಣಾಮ ಮೌಲ್ಯಮಾಪನ ಮಾಡಿಸಬೇಕು. ಹಳ್ಳಿಯ ಶಾಲೆಯೊಂದರಲ್ಲಿ ನಡೆಯುವ ಕೆಲವು ಲಕ್ಷಗಳ ಕಾರ್ಯಕ್ರಮ ಈ ನಿಯಮಕ್ಕೆ ಒಳಪಡುವುದಿಲ್ಲ. ಅಲ್ಲಿ ಕೇಳಬೇಕಾದವರು ಪೋಷಕರು, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯವರು.

ಅಳತೆಗೂ ಮಿತಿಯುಂಟು. ಆಟದ ಮೈದಾನದಲ್ಲಿ ಬೆಳೆದ ಧೈರ್ಯ, ಹೆಣ್ಣುಮಗುವೊಂದು ಸಭೆಯಲ್ಲಿ ಎದ್ದು ಮಾತನಾಡುವ ಸ್ಥೈರ್ಯ ಇವು ವರ್ಷದೊಳಗೆ ಅಂಕಿಗಳಲ್ಲಿ ಕಾಣಬೇಕಿಲ್ಲ. ಶಾಲೆಯ ಶಿಕ್ಷಕರ ದುಡಿಮೆಯ ಫಲವನ್ನು ಶಿಬಿರ ನಡೆಸಿದವರು ತಮ್ಮದೆನ್ನುವ ಅಪಾಯವೂ ಇದೆ. ಕಾರ್ಯಕ್ರಮವಿಲ್ಲದ ನೆರೆಯೂರಿನ ಶಾಲೆಯೊಂದಿಗೆ ಹೋಲಿಸಿದರೆ ಅದು ಸ್ಪಷ್ಟವಾದೀತು. ಶಿಕ್ಷಕರ ಬೋಧನೆಯ ಸಮಯವನ್ನು ಕಸಿದು ನಮೂನೆ ತುಂಬಿಸುವ ಅಳತೆಯಂತೂ ಮಕ್ಕಳಿಗೇ ನಷ್ಟ.

ಆದಕಾರಣ ಪ್ರತಿ ಕಾರ್ಯಕ್ರಮದ ಮುಂದೆಯೂ ಮೂರು ಪ್ರಶ್ನೆಗಳನ್ನು ಇಡಬೇಕೆಂದು ವಿನಂತಿ. ಆರಂಭದಲ್ಲಿ ಮಗುವಿಗೆ ಏನು ಬರುತ್ತಿತ್ತು, ಈಗ ಏನು ಬರುತ್ತದೆ? ಸೇರಿ ನಡುವೆ ಬಿಟ್ಟ ಮಕ್ಕಳೆಷ್ಟು, ಅವರೀಗ ಎಲ್ಲಿದ್ದಾರೆ? ಕಾರ್ಯಕ್ರಮ ನಿಂತು ಆರು ತಿಂಗಳಾದ ಮೇಲೆ ಕಲಿತದ್ದು ಉಳಿದಿದೆಯೇ? ಇವನ್ನು ಶಾಲಾ ಸಮಿತಿಯ ಸಭೆಯಲ್ಲಿ ಕೇಳಬಹುದು. ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳ ಬಾಯಿಂದಲೇ ಉತ್ತರ ಪಡೆಯಬಹುದು. ಉತ್ತರ ಸಮಾಧಾನಕರವಾಗಿಲ್ಲದಿದ್ದರೆ ಅನುದಾನ ನಿಲ್ಲಿಸುವುದಕ್ಕಿಂತ ಕ್ರಮವನ್ನು ತಿದ್ದುವುದು ಲೇಸು. ಇಲ್ಲವಾದರೆ ನಿಜ ಹೇಳಲು ಯಾರೂ ಮುಂದಾಗಲಾರರು.

ಮಠಗಳು ಭಕ್ತರ ಕಾಣಿಕೆಯಿಂದ ನಡೆಸುವ ಶಿಬಿರಗಳಿಗೂ ವಿದ್ಯಾರ್ಥಿ ನಿಲಯಗಳಿಗೂ ಇದೇ ಪ್ರಶ್ನೆಗಳು ಅನ್ವಯಿಸುತ್ತವೆ. ದಾಸೋಹದ ಪಂಕ್ತಿಯಲ್ಲಿ ಎಷ್ಟು ಎಲೆ ಹಾಕಿದೆವೆಂಬುದು ಬಡಿಸಿದವರ ಲೆಕ್ಕ. ಹಸಿದು ಬಂದವನ ಹೊಟ್ಟೆ ತುಂಬಿತೇ, ಬಾಗಿಲಲ್ಲಿ ಯಾರಾದರೂ ಉಳಿದರೇ ಎಂದು ಎದ್ದು ನೋಡಿ ಬರುವುದು ದಾಸೋಹದ ಲೆಕ್ಕ. ಅಕ್ಷರ ದಾಸೋಹದಲ್ಲಿಯೂ ನಾವು ಬಾಗಿಲವರೆಗೆ ಹೋಗಿ ನೋಡಬೇಕಾಗಿದೆ.